ನಮಗೆ ಬೇರೆಲ್ಲೂ ಶಾಖೆಗಳಿಲ್ಲ

ತಿಪಟೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದಾರಿಯ ನಮ್ಮೂರಿನಲ್ಲಿ ಆಗ ಇದ್ದದ್ದು ಒಂದೇ ಹೋಟೆಲು. ಬಸ್ ಸ್ಟ್ಯಾಂಡಿನ ಎದುರಿಗೆ, ನೀಲಿ ಬಣ್ಣದ ತಗಡಿನ ಬೋರ್ಡು. ಮೇಲೆ ಹೋಟೆಲಿನ ಹೆಸರು, ಕೆಳಗೆ ಹೆಸರಿಗಿಂತ ದಪ್ಪಕ್ಷರದಲ್ಲಿ ‘ನಮಗೆ ಬೇರೆಲ್ಲೂ ಶಾಖೆಗಳಿಲ್ಲ’ ಎಂಬ ಸಾಲು. ಕಾಗುಣಿತ ಕೂಡಿಸಿಕೊಂಡು ಓದುವುದನ್ನು ಆಗತಾನೆ ಕಲಿತಿದ್ದ ನನಗೆ ಅದನ್ನು ಓದಿದಾಗಲೆಲ್ಲ ಪಾಪ ಅನ್ನಿಸುತ್ತಿತ್ತು. ‘ನಮಗೆ ಮಕ್ಕಳಿಲ್ಲ’, ‘ನಮಗೆ ಹಿಂದೆ ಮುಂದೆ ಯಾರೂ ಇಲ್ಲ’ ಎಂದು ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುತ್ತಿದ್ದ ಮುದುಕರ ದನಿಯೇ ಆ ಬೋರ್ಡಿನಲ್ಲೂ ಕೇಳಿಸುತ್ತಿತ್ತು. ಇಷ್ಟೊಂದು ಸಂಕಟವನ್ನು ಬೀದಿಗೆ ಬರೆದು ತೂಗುಹಾಕಿಕೊಂಡ ಮನುಷ್ಯನ ಹತ್ತಿರ ಇನ್ನೊಂದು ಸಲ ಚಟ್ನಿ ಕೇಳುವುದು ಹೇಗೆ? ನಾನು ಕೇಳುತ್ತಿರಲಿಲ್ಲ. ಅಪ್ಪ ಕೇಳುತ್ತಿದ್ದರು.

ಹೈಸ್ಕೂಲಿಗೆ ಬರುವ ಹೊತ್ತಿಗೆ ಅದು ದುಃಖವಲ್ಲ, ಜಂಬ ಎಂದು ತಿಳಿಯಿತು. ಇಂಥ ರುಚಿ ಇಲ್ಲಿ ಬಿಟ್ಟರೆ ಇನ್ನೆಲ್ಲೂ ಸಿಗುವುದಿಲ್ಲ, ನಮ್ಮ ಹೆಸರು ಹೇಳಿಕೊಂಡು ಯಾರಾದರೂ ದೋಸೆ ಹುಯ್ದರೆ ನಂಬಬೇಡಿ ಎಂಬ ಎಚ್ಚರಿಕೆ. ಆದರೆ ಮುನ್ನೂರು ಮನೆಯ ಊರಿನಲ್ಲಿ, ತಿಪಟೂರಿನವರಿಗೂ ಹೆಸರು ಗೊತ್ತಿಲ್ಲದ ಹೋಟೆಲಿಗೆ ಶಾಖೆ ಇರಬಹುದೆಂದು ಅನುಮಾನಪಟ್ಟವರು ಯಾರು? ಒಂದು ದಿನ ಧೈರ್ಯ ಮಾಡಿ ಗಲ್ಲಾದ ಮೇಲೆ ಕೂತಿದ್ದ ಭಟ್ಟರನ್ನೇ ಕೇಳಿದೆ. ಅವರು ಕುಂದಾಪುರದ ಕಡೆಯಿಂದ ಬಂದವರು. ಚಿಲ್ಲರೆ ಎಣಿಸುವುದನ್ನು ನಿಲ್ಲಿಸದೆ ಹೇಳಿದರು: “ಬೋರ್ಡಿನಲ್ಲಿ ಜಾಗ ಉಳಿದಿತ್ತು ಮಾರಾಯ. ಪೇಂಟರ್ ಕೇಳಿದ, ಇನ್ನೇನಾದ್ರೂ ಬರಿಲಾ ಅಂತ. ಬೆಂಗಳೂರಲ್ಲಿ ಎಲ್ಲಾ ಹೋಟೆಲಿನವರೂ ಇದನ್ನೇ ಬರೆಸ್ತಾರೆ ಅಂದ. ಬರಿ ಅಂದೆ.”

ಬೋರ್ಡಿಗಿಂತ ಒಳಗಿನ ಗೋಡೆಗಳೇ ಹೆಚ್ಚು ಮಾತಾಡುತ್ತಿದ್ದವು. ‘ದಯವಿಟ್ಟು ರಾಜಕೀಯ ಮಾತಾಡಬೇಡಿ.’ ‘ತಟ್ಟೆಯಲ್ಲಿ ಕೈ ತೊಳೆಯಬೇಡಿ.’ ‘ಇಂದು ನಗದು, ನಾಳೆ ಸಾಲ.’ ಗಲ್ಲಾದ ಹಿಂದೆ ಆ ಕಾಲದ ಅಂಗಡಿಗಳಲ್ಲೆಲ್ಲ ಇರುತ್ತಿದ್ದ ಚಿತ್ರಪಟ: ನಗದಾಗಿ ಮಾರಿದವನು ಹೊಟ್ಟೆ ಬಿಟ್ಟುಕೊಂಡು ಹಣದ ಪೆಟ್ಟಿಗೆಯ ಪಕ್ಕ ನಗುತ್ತಿದ್ದಾನೆ; ಸಾಲಕ್ಕೆ ಮಾರಿದವನು ಬಡಕಲಾಗಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾನೆ, ಅವನ ಸುತ್ತ ಇಲಿಗಳು. ಇಷ್ಟನ್ನೂ ಓದಿ ಮುಗಿಸಿದ ಗಿರಾಕಿಗೆ ಆ ಹೋಟೆಲು ಎಂಥದ್ದು, ಅಲ್ಲಿ ಹೇಗಿರಬೇಕು, ಯಾವುದನ್ನು ಕೇಳಬಾರದು ಎಲ್ಲವೂ ಗೊತ್ತಾಗುತ್ತಿತ್ತು. (ಸಾಲ ಮಾತ್ರ ಎಲ್ಲರೂ ಕೇಳುತ್ತಿದ್ದರು. ಭಟ್ಟರು ಕೊಡುತ್ತಲೂ ಇದ್ದರು. ಪಟದಲ್ಲಿದ್ದ ಇಬ್ಬರಲ್ಲಿ ಅವರು ಯಾರನ್ನು ಹೋಲುತ್ತಿದ್ದರು ಎಂದು ನಾನು ಹೇಳುವುದಿಲ್ಲ.)

ಇದೆಲ್ಲ ನೆನಪಾದದ್ದು ನಲವತ್ತು ದಾಟಿದ ಮೇಲೆ, ಬೆಂಗಳೂರಿನ ಒಂದು ಜಾಹೀರಾತು ಕಂಪನಿಗೆ ನಾನು ಕನ್ನಡ ಬರೆದುಕೊಡಲು ಶುರುಮಾಡಿದಾಗ. ಬರೆಯುವುದೆಂದರೆ ಬರೆಯುವುದಲ್ಲ, ಮುಂಬೈಯಲ್ಲಿ ಇಂಗ್ಲಿಷಿನಲ್ಲಿ ಹುಟ್ಟಿದ ಸಾಲುಗಳಿಗೆ ಕನ್ನಡದ ಅಂಗಿ ಹೊಲಿಯುವುದು. ಪದಕ್ಕೆ ಇಷ್ಟು ಎಂದು ದುಡ್ಡು. ಕನ್ನಡದಲ್ಲಿ ಎರಡು ಮೂರು ಪದ ಸೇರಿ ಒಂದಾಗಿಬಿಡುವುದರಿಂದ ಸಂಧಿ ಸಮಾಸಗಳು ನನ್ನ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದವು. ಆ ದಿನಗಳಲ್ಲಿ ನಾನು ಬಿಡಿಸಿ ಬರೆದಷ್ಟು ಕನ್ನಡವನ್ನು ಕೇಶಿರಾಜನೂ ಬಿಡಿಸಿರಲಾರ. ಮೊದಲ ತಿಂಗಳಲ್ಲೇ ಒಂದು ಹಣಕಾಸು ಕಂಪನಿಯ ಸಾಲು ಬಂತು. ಅದರಲ್ಲಿ ನಾಳೆ ಇತ್ತು, ಬೀಗ ತೆಗೆಯುವುದು ಇತ್ತು. ‘ನಿಮ್ಮ ನಾಳೆಯ ಬೀಗ ತೆರೆಯಿರಿ’ ಎಂದು ಬರೆದು, ಸರಿಯಿದೆಯೇ ನೋಡು ಎಂದು ಹೆಂಡತಿಗೆ ಓದಿಹೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಿ, “ಬೀಗ ರಿಪೇರಿಯವರಾ, ಕಳ್ಳರಾ?” ಅಂದಳು. ಸಾಲ ಕೊಡುವ ಕಂಪನಿ ಎಂದೆ. “ಹಾಗಾದ್ರೆ ಎರಡನೇದೇ” ಎಂದು ಸೊಪ್ಪಿಗೆ ಮರಳಿದಳು. ಸಾಲು ಹಾಗೆಯೇ ಅಚ್ಚಾಯಿತು.

ಇಂಥ ಸಾಲುಗಳು ಸುಮ್ಮನೆ ಹುಟ್ಟುವುದಿಲ್ಲ ಎಂಬುದು ನನಗೆ ತಿಳಿದದ್ದು ಒಂದು ಸಭೆಗೆ ಹೋದಾಗ. ಸಾರಿನ ಪುಡಿ, ಹುಳಿಪುಡಿ ಮಾಡುವ ಒಂದು ಮನೆತನದ ಕಂಪನಿ. ಮೂವತ್ತು ವರ್ಷದಿಂದ ನಾಲ್ಕೈದು ಜಿಲ್ಲೆಗಳಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ಮಗ ಎಂಬಿಎ ಓದಿ ಬಂದ ಮೇಲೆ, ನಮ್ಮ ಸಂದೇಶ ಏನು ಎಂಬುದೇ ನಮಗೆ ಗೊತ್ತಿಲ್ಲವಲ್ಲ ಎಂಬ ಚಿಂತೆ ಹತ್ತಿತು. ಎಸಿ ಕೋಣೆಯಲ್ಲಿ ಹನ್ನೆರಡು ಜನ, ಗೋಡೆಯ ತುಂಬ ಹಳದಿ ಚೀಟಿಗಳು. ಧ್ಯೇಯ ಎಂದು ಒಂದು ಸಾಲು, ದೂರದೃಷ್ಟಿ ಎಂದು ಒಂದು ಸಾಲು, ಮೌಲ್ಯಗಳೆಂದು ಐದು. ಐದೇ ಏಕೆ, ಆರು ಇದ್ದರೆ ಏನಾಗುತ್ತದೆ ಎಂದು ಕೇಳಿದೆ. ಕೈಯಲ್ಲಿ ಐದೇ ಬೆರಳು ಎಂಬ ಉತ್ತರ ಬಂತು. ಅದು ತಮಾಷೆಯೋ ತತ್ತ್ವವೋ ಇಂದಿಗೂ ಗೊತ್ತಾಗಿಲ್ಲ.

ಆಮೇಲೆ ಸಭೆ ನಡೆಸುತ್ತಿದ್ದ ಹುಡುಗಿ, “ಸರ್, ನಿಮ್ಮ ಕಂಪನಿ ಒಂದು ಪ್ರಾಣಿ ಆಗಿದ್ದಿದ್ರೆ ಯಾವ ಪ್ರಾಣಿ ಆಗಿರ್ತಿತ್ತು?” ಎಂದು ಕೇಳಿದಳು. ಇದು ಆ ವೃತ್ತಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆಯಂತೆ. ಹುಲಿ, ಹದ್ದು, ಡಾಲ್ಫಿನ್ ಇವುಗಳಲ್ಲಿ ಒಂದು ಬರಬೇಕು. ಬಿಳಿ ಪಂಚೆ ಉಟ್ಟಿದ್ದ ಯಜಮಾನರು ತುಂಬ ಹೊತ್ತು ಯೋಚಿಸಿ, “ಎಮ್ಮೆ” ಅಂದರು. ಮಗ ಕತ್ತು ಬಗ್ಗಿಸಿಕೊಂಡ. ಯಜಮಾನರು ವಿವರಿಸಿದರು: “ಹಾಲು ಗಟ್ಟಿ. ಒದೆಯಲ್ಲ. ಸಾಯಂಕಾಲ ಯಾರೂ ಕರೆಯೋದು ಬೇಡ, ತಾನೇ ಮನೆಗೆ ಬರ್ತದೆ.” ನನ್ನನ್ನು ಕೇಳಿದ್ದರೆ ಸಭೆಯನ್ನು ಅಲ್ಲಿಗೇ ಮುಗಿಸಿ ಎಲ್ಲರಿಗೂ ಊಟ ಹಾಕಿಸುತ್ತಿದ್ದೆ. ಹಳದಿ ಚೀಟಿಯ ಮೇಲೆ ಆ ಹುಡುಗಿ ಬರೆದದ್ದು ‘ಆನೆ’. ರಾಜಿ ಇರಬೇಕು.

ನಿಮ್ಮ ಪುಡಿಯಲ್ಲಿ ಅಂಥ ವಿಶೇಷ ಏನು ಎಂಬ ಪ್ರಶ್ನೆಯೂ ಬಂತು. ಯಜಮಾನರಿಗೆ ಹಾಗೆಲ್ಲ ಹೇಳಿ ಅಭ್ಯಾಸವಿಲ್ಲ. “ವಿಶೇಷ ಅಂತ ಏನಿಲ್ಲಮ್ಮ. ಕೊತ್ತಂಬರಿ ಬೀಜ ಹುರಿಯೋವಾಗ ನಮ್ಮಕ್ಕ ಪಕ್ಕದಲ್ಲಿ ನಿಂತಿರ್ತಾರೆ. ವಯಸ್ಸು ಎಂಬತ್ತಾಯ್ತು. ಕೂತ್ಕೊಳಕ್ಕ ಅಂದ್ರೂ ಕೇಳಲ್ಲ. ಕೂತ್ರೆ ವಾಸನೆ ಸರಿಯಾಗಿ ಗೊತ್ತಾಗಲ್ವಂತೆ.” ಇದನ್ನು ಯಾರೂ ಬರೆದುಕೊಳ್ಳಲಿಲ್ಲ. ಮೂರು ವಾರದ ಮೇಲೆ ನನಗೆ ಅನುವಾದಕ್ಕೆಂದು ಬಂದ ಇಂಗ್ಲಿಷ್ ಸಾಲನ್ನು ನಾನು ಕಷ್ಟಪಟ್ಟು ಕನ್ನಡಕ್ಕೆ ತಂದಾಗ ಅದು ‘ಉತ್ಕಟತೆಯಿಂದ ರೂಪಿಸಿದ್ದು’ ಎಂದಾಯಿತು. ಸಾರಿನ ಪುಡಿಯ ಪೊಟ್ಟಣದ ಮೇಲೆ ಉತ್ಕಟತೆ! ಬೇಡವೆಂದು ಜಗಳವಾಡಿ ಕೊನೆಗೆ ‘ಅಮ್ಮನ ಅಕ್ಕರೆ’ ಎಂಬಲ್ಲಿಗೆ ಇಳಿಸಿದೆ. ಅಕ್ಕನನ್ನು ಅಮ್ಮನಾಗಿಸಿದೆ ನಿಜ, ಅಕ್ಕರೆಯಲ್ಲಾದರೂ ಅವರು ಉಳಿದುಕೊಂಡರು ಎಂದು ಸಮಾಧಾನ.

ಅಷ್ಟಕ್ಕೇ ಮುಗಿಯಲಿಲ್ಲ. ಕಂಪನಿಗಳಿಗೆ ಬ್ರ್ಯಾಂಡ್ ಪುಸ್ತಕ ಎಂದೊಂದು ಇರುತ್ತದೆ. ಕೆಂಪು ಎಂದರೆ ಯಾವ ಕೆಂಪು, ಅದರ ನಂಬರು ಎಷ್ಟು, ಲಾಂಛನದ ಸುತ್ತ ಎಷ್ಟು ಜಾಗ ಖಾಲಿ ಬಿಡಬೇಕು, ಗಿರಾಕಿಯ ಜೊತೆ ಯಾವ ದನಿಯಲ್ಲಿ ಮಾತಾಡಬೇಕು, ಎಲ್ಲ ಅದರಲ್ಲಿ ಬರೆದಿರುತ್ತದೆ. ನಮ್ಮ ಪುಡಿಯ ಪುಸ್ತಕದ ಪ್ರಕಾರ ಅಕ್ಷರಗಳ ಕೆಳಗೆ ಇಂತಿಷ್ಟು ಜಾಗದಲ್ಲಿ ಏನೂ ಬರಕೂಡದು. ‘ಅಮ್ಮನ ಅಕ್ಕರೆ’ಯಲ್ಲಿ ಮಕಾರದ ಒತ್ತು, ಕಕಾರದ ಒತ್ತು ಎರಡೂ ಆ ಜಾಗಕ್ಕೆ ಕಾಲು ಚಾಚಿಕೊಂಡಿವೆ. ಮುಂಬೈಯ ಡಿಸೈನರು ಫೋನು ಮಾಡಿ ವಿನಯದಿಂದ ಕೇಳಿದ: ಕೆಳಗೆ ನೇತಾಡುತ್ತಿರುವ ಆ ಎರಡು ಚಿಕ್ಕ ಗುರುತುಗಳನ್ನು ತೆಗೆದರೆ ಅರ್ಥ ಏನಾದರೂ ಬದಲಾಗುತ್ತದೆಯೇ? ಬದಲಾಗುವುದಿಲ್ಲ, ಅರ್ಥವೇ ಇರುವುದಿಲ್ಲ ಎಂದೆ. ಹಾಗಾದರೆ ತೊಂದರೆಯಿಲ್ಲ ಎಂದುಕೊಂಡನೋ ಏನೋ, ಮೊದಲ ನಮೂನೆ ‘ಅಮನ ಅಕರೆ’ ಎಂದೇ ಬಂತು.

ಬ್ರ್ಯಾಂಡ್ ಎಂಬ ಪದದ ಹುಟ್ಟೇ ಸುಡುವುದರಲ್ಲಿದೆ. ದನ ಯಾರದೆಂದು ಗೊತ್ತಾಗಲು ಕಾದ ಕಬ್ಬಿಣದಿಂದ ಹಾಕುತ್ತಿದ್ದ ಗುರುತು. ನಮ್ಮಲ್ಲಿ ಅದಕ್ಕೆ ಬರೆ ಎನ್ನುತ್ತಾರೆ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡ ಗಾದೆಯನ್ನು ಜಾಹೀರಾತಿನವರ ಎದುರು ಹೇಳಬಾರದು, ಅವರ ಅರ್ಧ ವ್ಯಾಪಾರ ಅದೇ. ಸುಡುವ ಗುರುತಿನ ಇನ್ನೊಂದು ರೂಪ ಆಷಾಢದ ಪ್ರಥಮೈಕಾದಶಿಯ ದಿನ ಮಾಧ್ವ ಮಠಗಳಲ್ಲಿ ಕಾಣುತ್ತದೆ. ಜನ ಸಾಲಾಗಿ ನಿಂತು, ಕಾಯಿಸಿದ ಶಂಖ ಚಕ್ರಗಳ ಮುದ್ರೆಯನ್ನು ತೋಳಿಗೆ ಒತ್ತಿಸಿಕೊಂಡು ಬರುತ್ತಾರೆ. ಸುಡದ ಗುರುತೂ ಒಂದಿದೆ, ಅಂಕಿತ. ಬಸವಣ್ಣನ ಕೂಡಲಸಂಗಮದೇವ, ಅಲ್ಲಮನ ಗುಹೇಶ್ವರ, ಅಕ್ಕನ ಚೆನ್ನಮಲ್ಲಿಕಾರ್ಜುನ. ಕೊನೆಯ ಒಂದು ಪದ ಕಿವಿಗೆ ಬಿದ್ದರೆ ಸರಕು ಯಾರದೆಂದು ಗೊತ್ತಾಗುತ್ತದೆ. ಅಂಬಿಗರ ಚೌಡಯ್ಯ ಒಬ್ಬ ದೇವರ ಗೊಡವೆಗೆ ಹೋಗದೆ ತನ್ನ ಹೆಸರನ್ನೇ ಒತ್ತಿದ. ಆ ಮನುಷ್ಯನ ಧಾಟಿಗೆ ಅದೇ ಸರಿ. ನನಗೆ ಹೆಚ್ಚು ಕುತೂಹಲ ದಾಸರ ವಿಷಯದಲ್ಲಿ. ಪುರಂದರದಾಸರು ಮೊದಲು ವ್ಯಾಪಾರಿ, ನವಕೋಟಿ ನಾರಾಯಣ ಎಂಬ ಖ್ಯಾತಿ. ಚಿನ್ನಬೆಳ್ಳಿಯ ವ್ಯವಹಾರ ಬಲ್ಲವರಿಗೆ ಮುದ್ರೆಯ ಬೆಲೆ ಗೊತ್ತಿಲ್ಲದೆ ಇದ್ದೀತೇ? ಆದರೂ ಪುರಂದರವಿಠಲ ಎಂಬ ಅಂಕಿತವನ್ನು ಅವರು ತಾವೇ ಕೂತು ಯೋಚಿಸಿ ಇಟ್ಟುಕೊಳ್ಳಲಿಲ್ಲ. ವ್ಯಾಸರಾಯರು ಕೊಟ್ಟರು. ದಾಸರಲ್ಲಿ ಪದ್ಧತಿಯೇ ಹಾಗೆ, ಅಂಕಿತವನ್ನು ಇನ್ನೊಬ್ಬರು ಕೊಡಬೇಕು.

ಎಸಿ ಕೋಣೆಯ ಹನ್ನೆರಡು ಜನರಿಗೆ ಈ ಮಾತು ಹೇಳಬೇಕೆನಿಸಿ ಹೇಳಲಿಲ್ಲ. ಪದಕ್ಕೆ ಇಷ್ಟು ಎಂದು ದುಡ್ಡು ಕೊಡುವವರ ಮುಂದೆ ಪುಕ್ಕಟೆ ಮಾತಾಡುವುದು ವೃತ್ತಿದ್ರೋಹ.

ನನ್ನ ಮಟ್ಟಿಗೆ ಬ್ರ್ಯಾಂಡ್ ಎಂದರೆ ಅಮ್ಮನ ಟ್ರಂಕಿನಲ್ಲಿದ್ದ ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿ. ಆ ಸೋಪಿನ ಕತೆ ಯುದ್ಧದಿಂದ ಶುರುವಾಗುತ್ತದೆ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸೀಮೆಯ ಗಂಧದ ಮರ ಎಣ್ಣೆ ತೆಗೆಯುವುದಕ್ಕೆಂದು ಜರ್ಮನಿಗೆ ಹೋಗುತ್ತಿತ್ತು. ಯುದ್ಧ ಬಂತು, ಹಡಗು ನಿಂತವು, ಕೊರಡುಗಳು ಇಲ್ಲೇ ರಾಶಿ ಬಿದ್ದವು. ಆಗ ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ವಿಶ್ವೇಶ್ವರಯ್ಯನವರು. ಎಣ್ಣೆಯನ್ನು ನಾವೇ ತೆಗೆಯೋಣ ಎಂದು ಹೊರಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರೊಫೆಸರುಗಳು ಎಣ್ಣೆ ಇಳಿಸುವ ಬಗೆಯನ್ನು ಕಂಡುಕೊಂಡರು. 1916ರಲ್ಲಿ ಮೈಸೂರಿನಲ್ಲಿ ಗಂಧದ ಎಣ್ಣೆಯ ಕಾರ್ಖಾನೆ ಆಯಿತು. ಎಣ್ಣೆಯಿಂದ ಸೋಪಿಗೆ ಹೋದದ್ದು ಹೇಗೆ ಎಂಬುದಕ್ಕೆ ಒಂದು ಕತೆ ಹೇಳುತ್ತಾರೆ: ಅರಮನೆಗೆ ಬಂದ ವಿದೇಶಿ ಅತಿಥಿಗಳು ಮಹಾರಾಜರಿಗೆ ಉಡುಗೊರೆಯಾಗಿ ಗಂಧದೆಣ್ಣೆಯ ಸೋಪು ತಂದುಕೊಟ್ಟರಂತೆ. ನಮ್ಮ ಮನೆಯ ಬೆಣ್ಣೆಯನ್ನೇ ಕಾಯಿಸಿ ನಮಗೇ ತುಪ್ಪವೆಂದು ಬಡಿಸಿದ ಹಾಗೆ. ಎಂಥ ಅರಸನಿಗಾದರೂ ಚುರ್ ಎನ್ನದೆ ಇರದು.

ಸೋಪು ಮಾಡುವ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಜನ ಅವರನ್ನು ಮುಂದೆ ಸೋಪು ಶಾಸ್ತ್ರಿಗಳೆಂದೇ ಕರೆದರು. ಶ್ರುತಿ ಸ್ಮೃತಿಗಳನ್ನು ಓದಿದ ಮನೆತನಗಳಿಗೆ ಅಂಟುತ್ತಿದ್ದ ಬಿರುದು ಸಾಬೂನಿಗೆ ಅಂಟಿಕೊಂಡದ್ದನ್ನು ಅವರು ಹೇಗೆ ತೆಗೆದುಕೊಂಡರೋ. 1918ರ ಹೊತ್ತಿಗೆ ಸೋಪು ಮಾರುಕಟ್ಟೆಗೆ ಬಂತು. ಶಾಸ್ತ್ರಿಗಳು ರಸಾಯನಶಾಸ್ತ್ರವನ್ನಷ್ಟೇ ಕಲಿತು ಬಂದವರಲ್ಲ. ಸೋಪೆಂದರೆ ಇಟ್ಟಿಗೆಯಂತೆ ಚೌಕವಾಗಿದ್ದ ಕಾಲದಲ್ಲಿ ಇದನ್ನು ಮೊಟ್ಟೆಯಾಕಾರಕ್ಕೆ ತಂದರು. ಒಡವೆ ಅಂಗಡಿಯವರು ಸುತ್ತಿಕೊಡುವಂಥ ತೆಳು ಕಾಗದ ಸುತ್ತಿಸಿದರು, ಒಡವೆಯ ಪೆಟ್ಟಿಗೆಯ ಹಾಗೆ ಕಾಣುವ ಹೂಬಳ್ಳಿಯ ಡಬ್ಬಿಯಲ್ಲಿಡಿಸಿದರು. ಮೇಲೆ ಶರಭನ ಗುರುತು: ಸಿಂಹದ ಮೈ, ಆನೆಯ ತಲೆ. ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಗಂಡಭೇರುಂಡದ ಎರಡು ಪಕ್ಕ ನಿಂತಿರುವವೂ ಇವೇ. ಬಚ್ಚಲುಮನೆಯ ವಸ್ತುವೊಂದನ್ನು ಅರಮನೆಯಿಂದ ಬಂದದ್ದೆಂದು ಹೇಳುವುದಕ್ಕೆ ಅವರು ಒಂದು ಸಾಲನ್ನೂ ಬರೆಯಬೇಕಾಗಲಿಲ್ಲ. ಬರೆಯಲಿಲ್ಲವೆಂದು ಸುಮ್ಮನೆಯೂ ಕೂರಲಿಲ್ಲ. ಟ್ರಾಂ ಟಿಕೇಟಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಜಾಹೀರಾತು ಬಂತು. ಕರಾಚಿಯಲ್ಲಂತೂ ಒಂಟೆಗಳ ಮೆರವಣಿಗೆಯನ್ನೇ ತೆಗೆಸಿದರಂತೆ. ಮಲೆನಾಡಿನ ಅಂಚಿನ ಗಂಧದ ಮರ ಸಿಂಧ್ ಪ್ರಾಂತದ ಬೀದಿಯಲ್ಲಿ ಒಂಟೆಯ ಬೆನ್ನೇರಿ ಹೋದ ದೃಶ್ಯವನ್ನು ನಾನು ಎಷ್ಟೋ ಸಲ ಕಣ್ಣಮುಂದೆ ತಂದುಕೊಂಡಿದ್ದೇನೆ. ಒಂಟೆಗಳಿಗೆ ಸ್ನಾನ ಮಾಡಿಸಿದ್ದರೋ ಇಲ್ಲವೋ.

ನಮ್ಮ ಮನೆಯಲ್ಲಿ ದಿನಬಳಕೆಗೆ ಲೈಫ್‌ಬಾಯ್. ಬಟ್ಟೆಗೆ 501 ಬಾರ್ ಸೋಪು, ದಾರ ಹಿಡಿದು ತುಂಡು ಮಾಡಿದ್ದು. ಸ್ಯಾಂಡಲ್ ಸೋಪು ಹೊರಬರುತ್ತಿದ್ದದ್ದು ಅಳಿಯ ಬಂದಾಗ, ಹೊಸ ಹೆಣ್ಣು ಮನೆ ತುಂಬಿದಾಗ. ಅಳಿಯ ಹೋದ ಮರುಕ್ಷಣ ಅಮ್ಮ ಅದನ್ನು ಒರೆಸಿ ಒಣಗಿಸಿ ಎತ್ತಿಡುತ್ತಿದ್ದಳು. ಸವೆದು ವೀಳ್ಯದೆಲೆಯಷ್ಟು ತೆಳ್ಳಗಾದದ್ದನ್ನು ಮುಂದಿನ ಅಳಿಯನ ಹೊಸ ಸೋಪಿಗೆ ಒತ್ತಿ ಅಂಟಿಸುತ್ತಿದ್ದಳು. ಡಬ್ಬಿ ಮಾತ್ರ ಟ್ರಂಕಿಗೆ. ರೇಷ್ಮೆ ಸೀರೆಗಳ ನಡುವೆ ವಾಸನೆಗೆಂದು ನಾಲ್ಕೈದು ಖಾಲಿ ಡಬ್ಬಿ. ಅವುಗಳಲ್ಲಿ ಒಂದು ಮಾತ್ರ ಖಾಲಿಯಿರಲಿಲ್ಲ. ಸವೆದ ಕಾಲುಂಗುರದ ಒಂದು ಜೊತೆ, ಒಂಟಿ ಓಲೆ, ನನ್ನ ತಂಗಿಯ ಕೂಸಿನ ಕಾಲದ ಬೆಳ್ಳಿ ಉಡಿದಾರದ ಕೊಂಡಿ. ಶಾಸ್ತ್ರಿಗಳು ಸೋಪಿಗೆ ಒಡವೆಯ ಪೆಟ್ಟಿಗೆ ಮಾಡಿದರು. ಅಮ್ಮ ಒಡವೆಗೆ ಸೋಪಿನ ಪೆಟ್ಟಿಗೆ ಮಾಡಿಕೊಂಡಳು. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿದವರಲ್ಲ.

ಆ ಕಾರ್ಖಾನೆ ಈಗ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ. 1980ರಲ್ಲಿ ಕಂಪನಿಯಾಯಿತು, 2006ರಲ್ಲಿ ಸೋಪಿಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಅದೇ ವರ್ಷ ಕ್ರಿಕೆಟ್ಟಿನ ಧೋನಿ ಅದರ ರಾಯಭಾರಿಯಾದರು. 2025ರಲ್ಲಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ನೇಮಿಸಿದಾಗ ದೊಡ್ಡ ಗದ್ದಲವೇ ಆಯಿತು. ಕನ್ನಡದ ನಟಿಯರು ಸಿಗಲಿಲ್ಲವೇ ಎಂದು ಜನ ಕೇಳಿದರು. ಕರ್ನಾಟಕದ ಆಚೆಗೂ ಮಾರಬೇಕಲ್ಲ ಎಂದು ಸರ್ಕಾರ ಹೇಳಿತು. ಎರಡೂ ಮಾತಿನಲ್ಲಿ ನ್ಯಾಯವಿದೆ. ಆದರೆ ಆ ಗದ್ದಲವೇ ನನಗೆ ಸ್ವಾರಸ್ಯವಾಗಿ ಕಂಡದ್ದು. ಬೇರೆ ಯಾವ ಸೋಪಿಗೆ ಯಾರು ರಾಯಭಾರಿಯಾದರೂ ನಮ್ಮವರು ಬೀದಿಯಲ್ಲಿ ನಿಂತು ಜಗಳವಾಡುತ್ತಾರೆಯೇ? ನಮ್ಮ ಮನೆಯ ಹುಡುಗಿಗೆ ಯಾವ ಊರಿನ ಗಂಡು ನೋಡಿದಿರಿ ಎಂದು ನೆಂಟರು ಕೇಳುವ ದನಿ ಅದು. ಆ ದನಿ ಕೇಳುವುದಕ್ಕೆ ಕಂಪನಿಗಳು ಎಷ್ಟು ಕೋಟಿ ಕೊಡಲೂ ಸಿದ್ಧವಿರುತ್ತವೆ, ಸಿಗುವುದಿಲ್ಲ.

ಗರಳಪುರಿ ಎಂದೆನಲ್ಲ, ಅದು ನಂಜನಗೂಡಿನ ಸಂಸ್ಕೃತ ಹೆಸರು. ಗರಳವೆಂದರೆ ವಿಷ, ನಂಜು ಎಂದರೂ ವಿಷ. ವಿಷ ಕುಡಿದ ಶಿವ ಅಲ್ಲಿ ನಂಜುಂಡೇಶ್ವರ. ಆ ಊರಿನಲ್ಲಿ ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ತೆರೆದರು, ಅಲ್ಲಿಂದ ಬಂದದ್ದು ನಂಜನಗೂಡು ಹಲ್ಲುಪುಡಿ. ಈಗಿನ ಬ್ರ್ಯಾಂಡಿನವರ ಸಭೆಯಲ್ಲಿ ಇದನ್ನು ಇಟ್ಟು ನೋಡಿ: ಬಾಯೊಳಗೆ ಹಾಕಿಕೊಳ್ಳುವ ಪುಡಿ, ಹೆಸರಿನಲ್ಲಿ ಮೊದಲ ಪದವೇ ವಿಷ. ಸಲಹೆಗಾರರು ಮೂರ್ಛೆ ಹೋಗುತ್ತಾರೆ. ಆದರೆ ಮೈಸೂರು ಸೀಮೆಯಲ್ಲಿ ಬೆಳಗಾಗೆದ್ದು ಎಡಗೈಯಲ್ಲಿ ಗುಲಾಬಿ ಬಣ್ಣದ ಪುಡಿ ಸುರಿದುಕೊಂಡು ಹಿತ್ತಲಿಗೆ ಹೋದ ಯಾರಿಗೂ ಆ ಹೆಸರಿನಲ್ಲಿ ವಿಷ ಕೇಳಿಸಲಿಲ್ಲ. ಟಿಪ್ಪುವಿನ ಆನೆಯ ಕಣ್ಣು ವಾಸಿಮಾಡಿ ಹಕೀಂ ನಂಜುಂಡ ಎನಿಸಿಕೊಂಡ ದೇವರ ಊರು ಅದು ಎಂದು ಎಲ್ಲರಿಗೂ ಗೊತ್ತು. ಪುಡಿಯ ಬಗ್ಗೆ ಹೇಳಬೇಕಾದದ್ದನ್ನೆಲ್ಲ ದೇವರೇ ಮೊದಲು ಹೇಳಿಬಿಟ್ಟಿದ್ದ.

ಓದಲು ಬಾರದವರ ಕಾಲದಲ್ಲಿ ಹೆಸರಿಗಿಂತ ಮಾರ್ಕು ದೊಡ್ಡದು. ಮಂಗನ ಮಾರ್ಕಿನ ಕರಿ ಹಲ್ಲುಪುಡಿ ಕೊಡಿ, ಒಂಟೆ ಮಾರ್ಕಿನ ಇಂಕು ಕೊಡಿ ಎಂದೇ ಕೇಳುತ್ತಿದ್ದದ್ದು. 1948ರಲ್ಲಿ ಮೈಸೂರಿನಲ್ಲಿ ಊದುಬತ್ತಿ ಶುರುಮಾಡಿದ ಎನ್. ರಂಗರಾವ್ ಅದಕ್ಕೆ ಸೈಕಲ್ ಎಂದು ಹೆಸರಿಟ್ಟರು. ಎಲ್ಲ ಭಾಷೆಯವರೂ ಹೇಳಬಲ್ಲ, ಎಲ್ಲ ಬೀದಿಯಲ್ಲೂ ಕಾಣುವ ವಸ್ತು. ದೇವರಿಗೂ ಸೈಕಲ್ಲಿಗೂ ಏನು ಸಂಬಂಧ ಎಂದು ಕೇಳಿದವರಿಲ್ಲ. ಡಾಲ್ಡಾದ ಕತೆ ಇನ್ನೊಂದು ಬಗೆ. ದಾದಾ ಎಂಬ ಡಚ್ಚರ ಕಂಪನಿಯ ಹೆಸರಿನ ನಡುವೆ ಲಿವರ್ ಕಂಪನಿಯವರು ತಮ್ಮ ಒಂದು ‘ಲ’ ಸೇರಿಸಿ 1937ರಲ್ಲಿ ಅದನ್ನು ಹುಟ್ಟಿಸಿದರು. ಮನೆಯಲ್ಲಿ ವನಸ್ಪತಿ ಮುಗಿದು ಎಷ್ಟೋ ವರ್ಷವಾದ ಮೇಲೂ ಅದರ ಹಳದಿ ಡಬ್ಬದಲ್ಲಿ ತುಳಸಿ ಬೆಳೆಯುತ್ತಿತ್ತು. ತೆಂಗಿನ ಸೀಮೆಯ ನಮಗೆ ಅದರ ಮೇಲಿನ ಹಸಿರು ತಾಳೆಯ ಚಿತ್ರ ತೆಂಗಿನ ಹಾಗೇ ಕಾಣುತ್ತಿದ್ದದ್ದರಿಂದ, ಒಳಗಿರುವುದು ಕೊಬ್ಬರಿ ಎಣ್ಣೆ ಗಟ್ಟಿಯಾದದ್ದು ಎಂದು ನನ್ನಜ್ಜಿ ಕೊನೆಯವರೆಗೂ ನಂಬಿದ್ದಳು. ಕಂಪನಿ ಕಳಿಸಿದ ಸಂದೇಶ ಬೇರೆ, ಅಜ್ಜಿಗೆ ತಲುಪಿದ್ದು ಬೇರೆ. ಅಡುಗೆ ಚೆನ್ನಾಗಿಯೇ ಆಗುತ್ತಿತ್ತು.

ದನಿಯ ಮಾತು ಹೇಳುವುದನ್ನು ಮರೆತೆ. ಬ್ರ್ಯಾಂಡ್ ಪುಸ್ತಕದಲ್ಲಿ ದನಿಗೆಂದೇ ನಾಲ್ಕು ಪುಟ. ನಮ್ಮ ಪುಡಿಯ ದನಿ ‘ಆತ್ಮೀಯ, ಆದರೆ ಸಲಿಗೆಯದಲ್ಲ; ಆತ್ಮವಿಶ್ವಾಸದ್ದು, ಆದರೆ ಅಹಂಕಾರದ್ದಲ್ಲ’ ಎಂದಿತ್ತು. ಓದಿದರೆ ಮದುವೆಗೆ ಹುಡುಗನ ಗುಣ ವರ್ಣಿಸಿದಂತಿದೆ, ದನಿ ಮಾತ್ರ ಕೇಳಿಸುವುದಿಲ್ಲ. ಆ ಕೆಲಸಕ್ಕೆಂದು ನಾನು ಮೆಟ್ರೋದಲ್ಲಿ ಓಡಾಡುತ್ತಿದ್ದೆ. ಹಸಿರು ಮಾರ್ಗದಲ್ಲಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂದೇ ಒಂದು ನಿಲ್ದಾಣವಿದೆ, 2014ರಲ್ಲಿ ಆದದ್ದು. ಅದರ ಹೆಸರನ್ನು ಕನ್ನಡದಲ್ಲಿ ಹೇಳುತ್ತಿದ್ದದ್ದು ಅಪರ್ಣಾ ಅವರ ದನಿ. ಅವಸರವಿಲ್ಲದ, ಒಂದು ಅಲ್ಪಪ್ರಾಣವೂ ಜಾರದ ಕನ್ನಡ. ಬಾಗಿಲು ಎಡಕ್ಕೆ ತೆರೆಯುತ್ತದೆ ಎನ್ನುವುದನ್ನು ಇಷ್ಟು ಗೌರವದಿಂದ ನನಗೆ ಹಿಂದೆ ಯಾರೂ ಹೇಳಿರಲಿಲ್ಲ. ಮೆಟ್ರೋ ಎಂದರೆ ಏನು ಎಂಬುದಕ್ಕೆ ನಿಗಮದವರು ಎಷ್ಟು ಪುಟ ಬರೆಸಿದ್ದಾರೋ ಗೊತ್ತಿಲ್ಲ, ಕನ್ನಡದವರಿಗೆ ಮೆಟ್ರೋ ಎಂದರೆ ಆ ದನಿ. 2024ರ ಜುಲೈನಲ್ಲಿ ಅವರು ತೀರಿಕೊಂಡರು. ಮರುದಿನ ರೈಲು ಹತ್ತಿದೆ. ಮುಂದಿನ ನಿಲ್ದಾಣದ ಹೆಸರನ್ನು ಅವರೇ ಹೇಳಿದರು. ಎದುರಿಗೆ ನಿಂತಿದ್ದ ಹೆಂಗಸೊಬ್ಬರು ಮೊಬೈಲಿನಿಂದ ತಲೆ ಎತ್ತಿ ಮೇಲಿನ ಸ್ಪೀಕರನ್ನು ನೋಡಿದರು. ನಾನೂ ನೋಡಿದೆ.

ಸಾರಿನ ಪುಡಿಯ ಕಡೆಯ ಸಭೆಗೆ ನನ್ನನ್ನು ಕರೆಯಲಿಲ್ಲ. ಒತ್ತಕ್ಷರ ಉಳಿಸುವುದಕ್ಕೆ ಲಾಂಛನವನ್ನೇ ಎರಡು ಮಿಲಿಮೀಟರು ಮೇಲಕ್ಕೆತ್ತಿದರು ಎಂದು ಆಮೇಲೆ ತಿಳಿಯಿತು. ನನ್ನ ವೃತ್ತಿಜೀವನದ ಸಾಧನೆ ಎಂದು ಏನಾದರೂ ಇದ್ದರೆ ಆ ಎರಡು ಮಿಲಿಮೀಟರು. ಹೊಸ ಪೊಟ್ಟಣ ನಮ್ಮ ಬೀದಿಯ ಅಂಗಡಿಗೆ ಬಂದ ದಿನವೇ ಕೊಂಡೆ. ಬಣ್ಣ ಬದಲಾಗಿತ್ತು, ಆನೆಯ ನೆರಳಿನಂಥದ್ದೊಂದು ಮೂಲೆಯಲ್ಲಿತ್ತು. ಅಂಗಡಿಯವನು, “ಹಳೇದೇ ಸಾರ್, ಕವರ್ ಮಾತ್ರ ಹೊಸದು, ಹೆದರ್ಕೋಬೇಡಿ” ಅಂದ. ಆ ಇಡೀ ಕೆಲಸಕ್ಕೆ ಅಷ್ಟೊಂದು ಜನ ಬರೆದ ಸಾಲುಗಳಲ್ಲಿ ಪುಡಿಯನ್ನು ಮಾರಿದ್ದು ಬಹುಶಃ ಇದೊಂದೇ. ಮನೆಯಲ್ಲಿ ಸಾರು ಮಾಡಿದ ಹೆಂಡತಿ ಮೂಸಿ ನೋಡಿ, “ಅವರಕ್ಕ ಇನ್ನೂ ನಿಂತಿದ್ದಾರೆ” ಅಂದಳು.

ಕಳೆದ ಯುಗಾದಿಗೆ ಊರಿಗೆ ಹೋಗಿದ್ದೆ. ಹೆದ್ದಾರಿಯನ್ನು ಅಗಲ ಮಾಡುವಾಗ ಊರಿನ ಹೊರಗಿನಿಂದ ಬೈಪಾಸು ತೆಗೆದಿದ್ದಾರೆ. ಬಸ್ಸುಗಳಲ್ಲಿ ಅರ್ಧಕ್ಕರ್ಧ ಒಳಗೆ ಬರುವುದೇ ಇಲ್ಲ. ಭಟ್ಟರು ಹೋಗಿ ಹತ್ತು ವರ್ಷವಾಯಿತು. ಮಗ ಬೈಪಾಸಿನಲ್ಲಿ ಗಾಜಿನ ಬಾಗಿಲಿನ, ಕಾರು ನಿಲ್ಲಿಸಲು ಜಾಗವಿರುವ ಹೋಟೆಲು ಹಾಕಿದ್ದಾನೆ. ಊರೊಳಗಿನದನ್ನು ಸೊಸೆ ನೋಡಿಕೊಳ್ಳುತ್ತಾಳೆ. ಖಾಲಿ ದೋಸೆ ಹೇಳಿ ಕೂತೆ. ರಾಜಕೀಯ ಮಾತಾಡಬೇಡಿ ಎಂಬುದು ಹಾಗೇ ಇದೆ, ಅದರ ಕೆಳಗೆ ಕೂತು ನಾಲ್ಕು ಜನ ಗ್ರಾಮ ಪಂಚಾಯಿತಿಯ ವಿಷಯ ಮಾತಾಡುತ್ತಿದ್ದರು. ನಗದು ಸಾಲದ ಪಟದ ಜಾಗದಲ್ಲಿ ಕ್ಯೂಆರ್ ಕೋಡಿನ ಹಲಗೆ ಬಂದಿದೆ. ಚಟ್ನಿ ಇನ್ನೊಂದು ಸಲ ಕೇಳಿದೆ, ಹಾಕಿದಳು.

ಹೊರಗೆ ಬಂದು ಬೋರ್ಡು ನೋಡಿದೆ. ಅದೇ ನೀಲಿ ತಗಡು, ಅಂಚು ತುಕ್ಕು ಹಿಡಿದಿದೆ. ಹಳೆಯ ಸಾಲಿನ ಮೇಲೆ, ಎರಡು ಪದದ ನಡುವೆ, ಪುಸ್ತಕದಲ್ಲಿ ತಪ್ಪು ತಿದ್ದುವವರು ಹಾಕುವಂಥ ಕಾಗೆಕಾಲಿನ ಗುರುತು ಹಾಕಿ, ಯಾರೋ ಬೇರೆ ಬಣ್ಣದಲ್ಲಿ ಚಿಕ್ಕದಾಗಿ ಎರಡು ಪದ ಸೇರಿಸಿದ್ದರು. ಈಗ ಅದನ್ನು ಹೀಗೆ ಓದಬೇಕು: ‘ನಮಗೆ ಬೈಪಾಸ್ ಬಿಟ್ಟು ಬೇರೆಲ್ಲೂ ಶಾಖೆಗಳಿಲ್ಲ.’